ಒಳಗ ಬಿಟ್ಟ ಅರಿವಿ

ಜೂನ್ ಅಂದ್ರ ಬೆಟಗೇರಿಯೊಳಗ ನಮಗ ಸುಗ್ಗಿ.
ನೀಲಿ ಪ್ಯಾಂಟು, ಬೂದಿ ಪ್ಯಾಂಟು, ಕಂದು ಪ್ಯಾಂಟು,
ಯಾವ ಸಾಲಿಗೆ ಯಾವ ಬಣ್ಣ, ಕಣ್ಣು ಮುಚ್ಚಿ ಹೇಳತೇನಿ.
ಹುಡುಗರ ಹೆಸರು ಮರೀತೇನಿ, ಅಳತಿ ಮರಿಯೂದಿಲ್ಲ.
ಕೆಂಪು ರಟ್ಟಿನ ಪುಸ್ತಕದಾಗ
ಇಪ್ಪತ್ತೆರಡು ವರ್ಷದ ಸೊಂಟ ಅದಾವ.

ಮೊನ್ನಿ ಓಂಕಾರ ಬೆಂತೂರ ಬಂದಿದ್ದ, ಅವ್ವನ ಕೂಡ.
ಹದಿನೈದು ಮುಗಿದು ಹದಿನಾರು.
ತೋಳು ನುಗ್ಗಿಕಾಯಿ,
ಭುಜ ಅಂದ್ರ ಅಂಗಿ ತೂಗುಹಾಕೂ ಹ್ಯಾಂಗರ್.
"ಏನ್ ತಿಂದ್ರೂ ಮೈಗೆ ಹತ್ತೂದಿಲ್ಲರಿ ಇವಗ,
ಗಾಳಿ ಬಂದ್ರ ಹಾರ್ತಾನ,
ದಿನಾ ಎರಡು ಚಮಚ ತುಪ್ಪ ಜಾಸ್ತಿನ ಹಾಕತೇನಿ."
ಮುಂಜಾನೆ ಟ್ಯೂಷನ್, ಆಮ್ಯಾಲೆ ಸಾಲಿ, ಸಂಜಿ ಮತ್ತ ಟ್ಯೂಷನ್,
ನಡುವ ಬಸ್ ಸ್ಟ್ಯಾಂಡಿನ ಮಿರ್ಚಿ, ತಂಪು ಬಾಟಲಿ.
ಕುಂತದ್ದ ಕುಂತದ್ದು.
ಹುಡುಗ ಮೊಬೈಲ್‌ನಿಂದ ತಲಿ ಎತ್ತಲಿಲ್ಲ.

ಟೇಪು ಹಾಕಿದೆ.
ಎದಿ ಹೋದ ವರ್ಷದ್ದ.
ಭುಜ ಅರ್ಧ ಇಂಚು.
ತೊಡಿ ಹೋದ ವರ್ಷದ್ದ.
ಸೊಂಟ...
ಹಿಡಿದದ್ದು ತಪ್ಪೇನೋ ಅಂತ ಮತ್ತೊಮ್ಮೆ ಹಾಕಿದೆ.
ಮೂವತ್ತು ಇದ್ದದ್ದು ಮೂವತ್ನಾಲ್ಕು.
ಸಡಿಲ ಅಂಗಿ ಮ್ಯಾಲಿಂದ ಕಾಣೂದಿಲ್ಲ,
ಔಷಧ ಅಂಗಡಿ ಮುಂದಿನ ತೂಕದ ಮಷಿನ್ನಿಗೆ ಕಾಣೂದಿಲ್ಲ,
ಹೆತ್ತ ಕಣ್ಣಿಗಂತೂ ಮೊದಲ ಕಾಣೂದಿಲ್ಲ.

"ಮಾಸ್ತರ, ಒಳಗ ಎರಡು ಇಂಚು ಅರಿವಿ ಬಿಡ್ರಿ,
ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಾಕ ಬರತದ."
ಎಲ್ಲಾ ಅವ್ವಂದಿರೂ ಹೇಳೂ ಮಾತು.
ಹೊಲಿಗಿ ಒಳಗ ಮಡಚಿಟ್ಟದ್ದು ಯಾರಿಗೂ ಕಾಣೂದಿಲ್ಲ,
ಬೆಳಿಯೂ ಮೈಗೆ ಅಂತ ನಾವು ಬಿಡತೇವಿ.
ಮೈಯೂ ಹಂಗ ಬಿಡತದಂತ.
ತೊಗಲಿನ ಕೆಳಗ ಜಾಗಾ ಸಾಲದಿದ್ರ
ಇನ್ನೂ ಒಳಗ ಮಡಚಿ ಇಡತದ,
ಲಿವರಿನ ಮ್ಯಾಲೆ, ಕರುಳಿನ ಸಂದಿಗೆ,
ಎದಿಗೂಡಿನ ಆ ಮುಷ್ಟಿಯಷ್ಟು ಮಷಿನ್ನಿನ ಸುತ್ತ.
ಅದು ಯಾವ ವರ್ಷಕ್ಕ ಅಂತ ಬಿಟ್ಟದ್ದು?

ಇದನ್ನ ಹೇಳಿದವರು ಹುಬ್ಬಳ್ಳಿ ದೊಡ್ಡಾಸ್ಪತ್ರಿ ಡಾಕ್ಟರು,
ನಮ್ಮಣ್ಣ ಪಾಂಡುರಂಗನ್ನ ಒಯ್ದ ರಾತ್ರಿ.
ಮೂವತ್ತೊಂಬತ್ತು.
ಸೂಜಿ ಅಂತ ಕರೀತಿದ್ವಿ ಅವಗ.
ಹೊತ್ತ ನಾಲ್ಕು ಮಂದಿಗೆ ಭಾರನ ಅನಿಸಲಿಲ್ಲ.
"ನಿನ್ನೆ ಮೊನ್ನಿದಲ್ಲ ಇದು" ಅಂದಿದ್ರು ಡಾಕ್ಟರು,
"ಹುಡುಗ ಇದ್ದಾಗಿಂದ ಕೂಡಿ ಬಂದದ್ದು."

ಹೆಂಗ ಹೇಳೂದು?
ಪ್ಯಾಂಟಿಗೆ ಬಂದವರಿಗೆ ಪ್ಯಾಂಟಿನ ಮಾತು ಆಡಬೇಕು.
ಕಪ್ಪು ದಾರದ ಉಂಡಿ ತಗೊಂಡೆ,
ಹುಡುಗನ ನೆತ್ತಿಯಿಂದ ಹಿಮ್ಮಡದ ತನಕ ಬಿಟ್ಟು ಕತ್ತರಿಸಿ,
ಸರಿ ಅರ್ಧಕ್ಕ ಮಡಚಿ,
"ಸೊಂಟಕ್ಕ ಸುತ್ತಿಕೋ" ಅಂದೆ.
ತುದಿಗೆ ತುದಿ ಮುಟ್ಟಲಿಲ್ಲ.
ಎರಡು ಬೆರಳು ಕಡಿಮಿ ಬಿತ್ತು.

ಆಗ ಮೊಬೈಲ್ ಕಿಸೆದಾಗ ಹೋತು.
"ಇದು ಯಾವುದರ ಅಳತಿರಿ?"
"ಪ್ಯಾಂಟಿಂದಲ್ಲ."
ಅವ್ವನ ನಗಿ ಅರ್ಧಕ್ಕ ನಿಂತಿತ್ತು:
"ನನ್ನ ಮಗನ್ನ ದಪ್ಪ ಅಂತೀರೇನು?"
"ಇಲ್ಲವ್ವಾ, ಕಡ್ಡಿನ ಅದಾನ.
ಒಮ್ಮೆ ರಕ್ತ ತೋರಸ್ರಿ, ಅಷ್ಟ."
ಸಿಟ್ಟಿಗೆದ್ದು ಹ್ವಾದ್ಲು. ಮುಂಗಡ ಕೊಡೂದೂ ಮರತ್ಲು.
ಹುಡುಗ ಮಾತ್ರ ತಿರುಗಿ ಬಂದು
ಆ ದಾರ ಕಂಪಾಸ್ ಡಬ್ಬಿಯೊಳಗ ಹಾಕ್ಕೊಂಡು
ಓಡಿದ. ಓಡಿದ್ದು ನೋಡಿ ಖುಷಿ ಆತು,
ಚೌಕಿಗೆ ಹೋಗೂದ್ರೊಳಗ ಏದುಸಿರು ಬಿಡೂದೂ ನೋಡಿದೆ.

ರಾತ್ರಿ ಶಟರ್ ಅರ್ಧ ಇಳಿಸಿ
ಅದ ಉಂಡಿ ಬಿಚ್ಚಿ ಗ್ವಾಡಿಗೆ ನಿಂತೆ.
ಇಪ್ಪತ್ತೆರಡು ವರ್ಷ ಮಷಿನ್ ಮುಂದ ಕುಂತ ಮನಿಷ್ಯಾ.
ಹೊಟ್ಟಿ ಒಳಗ ಎಳಕೊಂಡು ಸುತ್ತಿದೆ,
ಆಮ್ಯಾಲೆ ಎಳಕೊಳ್ಳದ ಸುತ್ತಿದೆ.
ನಾಲ್ಕು ಬೆರಳು.

ಕೆಂಪು ಪುಸ್ತಕ ತಗದು
ಓಂಕಾರನ ಹೆಸರಿನ ಕೆಳಗ
ಮೊದಲ ಸಲ ನನ್ನ ಹೆಸರು ಬರದೆ.
ಅಣ್ಣನ ಅಳತಿ ಎಲ್ಲೆರ ಬರದಿತ್ತೇನು ಅಂತ
ಹಿಂದಿನ ಹಾಳಿ ತಿರುವಿದೆ.
ಇರಲಿಲ್ಲ.
ಮನಿಯವರ ಅಳತಿ ಯಾರು ಬರಕೋತಾರ?